ಅಮ್ಮನ ಪಾಲು

"ಎಡಗೈ ಮುಟ್ಬೇಡ, ಅದು ನಂದು!" ಎಂದು ನಾಲ್ಕು ವರ್ಷದ ಹುಡುಗ ಗುಂಡಿ ಕಿರುಚಿದಾಗ ಗಡಿಯಾರದಲ್ಲಿ ಹತ್ತು ಗಂಟೆ. ಹನ್ನೊಂದಕ್ಕೆ ವಕೀಲರು ಕೋರ್ಟಿನಲ್ಲಿರಬೇಕು. ಅವರ ಹೊಸ ಕರಿ ಕೋಟು ಇನ್ನೂ ಹೊಲಿಗೆ ಮಿಷನ್ನಿನ ಮೇಲೆ ಒಂಟಿ ತೋಳು ಚಾಚಿಕೊಂಡು ಬಿದ್ದಿತ್ತು. ಇದೊಂದು ಸರಿಯಾಗಿ ಕೂತರೆ ತಮ್ಮ ಆಫೀಸಿನ ಆರೂ ಜನರ ಕೋಟು ಇಲ್ಲಿಗೇ ಕಳಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಆರು ಕೋಟೆಂದರೆ ಗುಂಡಿಯ ಅಮ್ಮನಿಗೆ ಅರಮನೆಗೆ ಹೊಲಿದಷ್ಟು ಸಡಗರ. ಅಲ್ಲಿಯವರೆಗೆ ಅವಳ ಕೈಗೆ ಬಂದದ್ದೆಲ್ಲ ದಿಂಬಿನ ಚೀಲ, ಹರಿದ ಚಡ್ಡಿ.

ತಪ್ಪು ಅವಳದೇ. ಬೆಳಗ್ಗೆ ಮಕ್ಕಳಿಬ್ಬರೂ ಮಡಿಲಿಗಾಗಿ ಕೂದಲು ಹಿಡಿದು ಕಾದಾಡುವಾಗ, "ಹೋಗ್ರೋ, ನನ್ನೇ ಅರ್ಧ ಅರ್ಧ ಹಂಚ್ಕೊಳ್ಳಿ!" ಎಂದುಬಿಟ್ಟಳು. ದರ್ಜಿಯ ಮಕ್ಕಳ ಮುಂದೆ ಆಡುವ ಮಾತೇ ಅದು? ಆರು ವರ್ಷದ ಮಗಳು ಟೇಪು ತಂದಳು. ನಾಲಿಗೆ ಅಷ್ಟು ಚೂಪು ಅಂತ ಅವಳನ್ನು ಎಲ್ಲರೂ ಕರೆಯುವುದೇ ಸೂಜಿ ಎಂದು. ಸೂಜಿ ಅಮ್ಮನ ಅಗಲ ಅಳೆದಳು, ಟೇಪು ಮಡಚಿ ನಡುಮಧ್ಯ ಕಂಡುಹಿಡಿದಳು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹಣೆಯಿಂದ ಹೊಟ್ಟೆಯವರೆಗೆ ನೆಟ್ಟಗೆ ಗೆರೆ ಎಳೆದಳು. ಬಲಗಡೆ ಸೂಜಿಗೆ, ಎಡಗಡೆ ಗುಂಡಿಗೆ. ಅಮ್ಮನೂ ನಗುನಗುತ್ತಾ "ಆಯ್ತು" ಅಂದಳು. ಸೂಜಿ ತನ್ನ ಪಾಲಿನ ಬಲಗೈಯನ್ನು ಹೊಲಿಗೆಗೆ ಸಾಲ ಕೊಟ್ಟಳು, ಗುಂಡಿ ಮಾತ್ರ ಎಡಗೈ ಬಿಡಲೊಲ್ಲ. ಈಗ ಮಾತು ತಪ್ಪಿದರೆ ಅವನು ಅಳುತ್ತಾನೆ. ಅವನು ಹೋದ ವಾರ ಅತ್ತಾಗ, ಎಲ್ಲೋ ಬೆಂಕಿ ಬಿದ್ದಿದೆಯೆಂದು ಮೇಲಿನ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿ ಬಂದಿದ್ದರು.

ಬಾಗಿಲಲ್ಲಿ ವಕೀಲರು ಬರೀ ಅಂಗಿಯಲ್ಲಿ ನಿಂತಿದ್ದರು. "ಆಯ್ತೇನಮ್ಮಾ?"

"ಒಂದು ತೋಳು ಬಾಕಿ ಇದೆ ಸಾರ್. ನನಗೂ ಸದ್ಯಕ್ಕೆ ಕೈ ಒಂದೇ ಇರೋದು."

ವಕೀಲರು ಅವಳ ಮೂಗಿನ ಮೇಲಿನ ಬಿಳಿ ಗೆರೆ ನೋಡಿದರು, ಅವಳ ಎಡಗೈ ತಬ್ಬಿ ಕೂತ ಗುಂಡಿಯನ್ನು ನೋಡಿದರು. ವಿಷಯ ಕೇಳಿ ಗಂಟಲು ಸರಿಮಾಡಿಕೊಂಡರು. "ನೋಡು ಮರಿ, ಅಮ್ಮ ಅನ್ನೋದು ಜಂಟಿ ಆಸ್ತಿ. ಹಾಗೆಲ್ಲ ಹಂಚೋಕಾಗಲ್ಲ."

"ಹಂಚಿ ಆಗಿದೆ," ಎಂದಳು ಸೂಜಿ. "ಗೆರೆ ಕಾಣ್ಸಲ್ವಾ ನಿಮಗೆ?"

"ಹಾಗಾದ್ರೆ ಮೂಗು ಯಾರದು?"

"ಒಬ್ಬೊಬ್ರಿಗೆ ಒಂದೊಂದು ತೂತು."

"ಹೊಟ್ಟೆ?"

ಕೇಳಬಾರದಾಗಿತ್ತು. "ಪೂರ್ತಿ ನಂದು! ಅಲ್ಲಿ ಮೊದ್ಲು ಇದ್ದಿದ್ದು ನಾನು," ಎಂದು ಸೂಜಿ ಎದ್ದು ನಿಂತಳು.

"ಕೊನೇಗೆ ಇದ್ದಿದ್ದು ನಾನು!"

"ನಾನು ಖಾಲಿ ಮಾಡಿ ಕೊಟ್ಟಿದ್ದಕ್ಕೆ ತಾನೇ ನಿಂಗೆ ಜಾಗ ಸಿಕ್ಕಿದ್ದು?"

ಇಪ್ಪತ್ತು ವರ್ಷ ಬಾಡಿಗೆ ಮನೆಗಳ ಕೇಸು ನಡೆಸಿದ ವಕೀಲರು ಅಭ್ಯಾಸಬಲದಿಂದ ಹೌದೆಂದು ತಲೆಯಾಡಿಸಿಬಿಟ್ಟರು. ಅಮ್ಮ ನಗು ತಡೆಯಲಾರದೆ ಬಾಯಿಗೆ ಕೋಟಿನ ತೋಳು ತುರುಕಿಕೊಂಡಳು. ಗಡಿಯಾರದ ಮುಳ್ಳು ಹತ್ತೂಕಾಲು ದಾಟಿತು. ವಕೀಲರ ಹಣೆಯ ಬೆವರು ಹಿಡಿದಿಟ್ಟರೆ ಒಂದು ಕೊಡ ಆಗುತ್ತಿತ್ತು.

"ಅಪ್ಪಾ, ದೊರೆ," ಎಂದರು ಕೊನೆಗೆ. "ನಿನ್ನ ಕೈ ಒಂದರ್ಧ ಗಂಟೆ ಬಿಟ್ಟುಕೊಡು. ಏನು ಬೇಕು ಕೇಳು."

ಗುಂಡಿ ಯೋಚಿಸಿದ. "ಬದಲಿಗೆ ನಿಮ್ಮ ಎಡಗೈ ಕೊಡಿ."

ಹೀಗೆ ಊರಿಗೆಲ್ಲ ಬುದ್ಧಿ ಹೇಳುವ ವಕೀಲರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗುಂಡಿ ಅವರ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಚಿಂದಿ ಬಟ್ಟೆ ಹೊದಿಸಿ, ತಟ್ಟತೊಡಗಿದ. ಅಮ್ಮನಿಗೆ ಎರಡೂ ಕೈ ಸಿಕ್ಕಿದ್ದೇ ತಡ, ಮಿಷನ್ನು ರೈಲಿನಂತೆ ಓಡಿತು. ಬಲಗೈ ಚಕ್ರಕ್ಕೆ, ಎಡಗೈ ಬಟ್ಟೆಗೆ. ತೋಳು ಭುಜಕ್ಕೆ ಸುಕ್ಕಿಲ್ಲದೆ ಕೂತಿತು. ಹತ್ತೂಮುಕ್ಕಾಲಿಗೆ ಅವಳು ಕೊನೆಯ ದಾರ ಕಡಿದಳು.

ವಕೀಲರು ಗಡಬಡಿಸಿ ಬಲಗೈ ತೂರಿಸಿದರು. ಎಡಗೈ ಎತ್ತಹೋದರೆ ಗುಂಡಿ ತುಟಿಯ ಮೇಲೆ ಬೆರಳಿಟ್ಟ. "ಶ್! ಈಗಷ್ಟೇ ಮಲಗಿದೆ. ಎಬ್ಬಿಸಿದ್ರೆ ಅಳತ್ತೆ."

"ಅಮ್ಮಾ, ಜಡ್ಜು ನನ್ನನ್ನ ಹೊರಗೆ ಹಾಕ್ತಾರೆ!" ಎಂದು ಅರ್ಧ ಕೋಟಿನ ವಕೀಲರು ಪಿಸುಗುಟ್ಟಿದರು. ಜೋರಾಗಿ ಮಾತಾಡಲು ಅವರಿಗೂ ಧೈರ್ಯ ಬರಲಿಲ್ಲ.

ಅಮ್ಮ ಮಂಡಿಯೂರಿ ಕೂತು, ದಿನಾ ಬೆಳಗ್ಗೆ ಮಕ್ಕಳನ್ನು ಎಬ್ಬಿಸುವ ದನಿಯಲ್ಲೇ ಆ ಕೈಗೆ ಹೇಳಿದಳು: "ಏಳು ಕಂದಾ, ಬಿಸಿಲು ಬಂತು. ಕೋರ್ಟಿಗೆ ಹೊತ್ತಾಗಲ್ವಾ ಬಂಗಾರ?"

ವಕೀಲರು ಕ್ಷಣ ಗುಂಡಿಯ ಮುಖ ನೋಡಿದರು. ಆಮೇಲೆ ಒಂದೊಂದೇ ಬೆರಳು ಬಿಡಿಸಿ, ಅಂಗೈ ಚಾಚಿ, ಕೈ ಮೈಮುರಿಯುವಂತೆ ಆಡಿಸಿದರು. "ಎದ್ಬಿಡ್ತು!" ಎಂದು ಗುಂಡಿ ಕುಣಿದ. ಎಡಗೈಯನ್ನೂ ತೂರಿಸಿದ ವಕೀಲರು ಮೆಟ್ಟಿಲನ್ನು ಮೂರು ಮೂರರಂತೆ ಹಾರಿ ಇಳಿಯುತ್ತಾ ಕೂಗಿದರು, "ಭೇಷಾಗಿ ಕೂತಿದೆ ಕಣಮ್ಮಾ! ಆರೂ ಕೋಟು ನಿಂಗೇ. ಅಳತೆ ಮಾತ್ರ ಚೀಟಿಯಲ್ಲಿ ಬರೆದು ಕಳಿಸ್ತೀನಿ, ಒಬ್ಬರೂ ಖುದ್ದಾಗಿ ಬರಲ್ಲ!"

ಮಕ್ಕಳಿಗೆ ಅಷ್ಟರಲ್ಲಿ ಪಾಲಿನಾಟ ಬೇಸರವಾಗಿತ್ತು. ಖಾಲಿ ರಟ್ಟಿನ ಡಬ್ಬಿಯೊಳಗೆ ಕೂತು ಓಣಿಯಲ್ಲಿ ಬಸ್ಸು ಓಡಿಸಲು ಹೊರಟರು. ಅಮ್ಮ ಕುರ್ಚಿಗೊರಗಿದಳು. ಎರಡು ಕೈ, ಎರಡು ಕಾಲು, ಇಡೀ ಮೂಗು, ಎಲ್ಲ ಅವಳದೇ. ಒಂದು ನಿಮಿಷ ಸ್ವರ್ಗ. ಎರಡನೆಯ ನಿಮಿಷಕ್ಕೆ ಬರಿದು ಬರಿದು ಅನಿಸಿತು. ಮೂರನೆಯದಕ್ಕೆ ತಡೆಯಲಾಗದೆ ಬಾಗಿಲಿಗೆ ಬಂದು ಓಣಿಯುದ್ದಕ್ಕೂ ಕೇಳುವಂತೆ ಕೂಗಿದಳು:

"ಲೇ, ಬೆನ್ನು ಯಾರದ್ರೋ? ಇನ್ನೂ ಹಂಚೇ ಇಲ್ವಲ್ಲ!"