ಜೇಬಿನಲ್ಲಿದ್ದ ಕೊನೆಯ ಪುಟ

ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಮಾಸ್ತರರು ನಗೆನಾಟಕ ಮಾಡಿದ್ದರು. ಜನ ಹೊಟ್ಟೆ ತುಂಬ ನಗಬೇಕು, ಆದರೆ ಕತೆಯಲ್ಲಿನ ದೇಸಾಯಿಯನ್ನು ಕೊಂದವರು ಯಾರೆಂಬುದು ಕೊನೆಯ ದೃಶ್ಯದವರೆಗೆ ಯಾರಿಗೂ ತಿಳಿಯಬಾರದು ಎಂಬುದು ಅವರ ಹಟ. ಕೊನೆಯ ಪುಟವನ್ನು ಪತ್ತೇದಾರನ ಪಾತ್ರದವನಿಗೂ ಕೊಡದೆ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ಆ ಮಾತುಗಳನ್ನು ಪರದೆಯ ಹಿಂದಿನಿಂದ ತಾವೇ ಹೇಳಿಕೊಡುವುದೆಂದಾಯಿತು. ಗುಟ್ಟು ಗೊತ್ತಿದ್ದದ್ದು ಅಡುಗೆಯವನ ಪಾತ್ರದ ಫಕೀರಪ್ಪನೊಬ್ಬನಿಗೆ.

"ಮನ್ಯಾಗೂ ಬಾಯಿ ಬಿಡಬ್ಯಾಡಪಾ."

"ಹೇಂತಿ ಮುಂದನೂ ಹೇಳೂದಿಲ್ರಿ ಮಾಸ್ತರ, ನಿಮ್ಮಾಣಿ!"

ನಾಟಕ ರಂಗೇರಿತು. ಪತ್ತೇದಾರ ಭೂತಗನ್ನಡಿ ಹಿಡಿದು ಎಮ್ಮೆಯ ಹೆಜ್ಜೆ ಅಳೆಯತೊಡಗಿದಾಗ ಜನ ಬಿದ್ದು ಬಿದ್ದು ನಕ್ಕರು. ನಗುನಗುತ್ತಲೇ ವಾದಕ್ಕೂ ಇಳಿದರು.

"ಕಾರಕೂನಂದ ಕೆಲಸ ಇದು, ಬರಕೋ!"

"ಸುಮ್ಮನ ಕುಂದರೋ, ಆ ಡಾಕ್ಟರನ ಕಣ್ಣು ನೋಡು ಮೊದಲ!"

ಅಡುಗೆಯವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಪರದೆಯ ಸಂದಿಯಲ್ಲಿ ಕಿವಿಯಿಟ್ಟಿದ್ದ ಮಾಸ್ತರರು ಹಿಗ್ಗಿಹೋದರು. ಇನ್ನು ಒಂದೇ ದೃಶ್ಯ ಉಳಿದಿತ್ತು.

ಅಷ್ಟರಲ್ಲಿ ಫಕೀರಪ್ಪನಿಗೆ ಹೆಣ್ಣು ಕೊಟ್ಟ ಮಾವ ಆಯೇರು ಮಾಡಲು ರಂಗಕ್ಕೆ ಏರಿದ. ಮೆಚ್ಚಿದವರು ನಟರಿಗೆ ಉಡುಗೊರೆ ಕೊಡುವಾಗ ಆಟ ನಿಲ್ಲಿಸುವುದು ಆ ಊರ ಪದ್ಧತಿ. ಬೇಡವೆನ್ನಲು ಮಾಸ್ತರರಿಗೂ ಬರುವಂತಿರಲಿಲ್ಲ. ಮಾವ ಅಳಿಯನ ಕೊರಳಿಗೆ ಮಾಲೆ ಹಾಕಿದ, ಕೈಗೆ ಹೊಸ ಗಡಿಯಾರ ಕಟ್ಟಿದ, ಆಮೇಲೆ ಗಂಟಲು ಸರಿಮಾಡಿಕೊಂಡು ಮೈಕು ಹಿಡಿದ.

"ಕೊಲೆಗಾರನ ಪಾತ್ರಾ ಇಲ್ಲೀತನಕಾ ಒಬ್ಬರಿಗೂ ಗೊತ್ತಾಗದಂಗ ಮಾಡಿದ ನಮ್ಮ ಅಳಿಯಗ, ಇದು ನಮ್ಮ ಮನಿ ಸಣ್ಣ ಆಯೇರ್ರಿ!"