ಗೋಡೆ ದೂಡುವ ಕೈ

ಸಿದ್ದವ್ವ ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಹಲ್ಲು ಕಚ್ಚಿ ದೂಡುತ್ತಿದ್ದುದು ಅತ್ತೆಯ ಕಣ್ಣಿಗೆ ಬಿತ್ತು.

"ಗ್ವಾಡಿ ದೂಡಾಕ ಕಸುವು ಐತಿ, ರೊಟ್ಟಿ ಬಡಿಯಾಕ ಇಲ್ಲೇನು?"

"ಇದು ವ್ಯಾಯಾಮ್ರಿ ಅತ್ತಿ. ಸವಣೂರಿನ ದವಾಖಾನಿ ಅಕ್ಕಾರು ದಿನಾ ಮೂವತ್ತು ಸಲ ಮಾಡಂದಾರ. ರೊಟ್ಟಿ ಮಾತ್ರ ಎರಡು ತಿಂಗಳು ಬ್ಯಾಡಂದಾರ."

"ಗ್ವಾಡಿಗಿಂತ ಹಿಟ್ಟು ಗಟ್ಟಿ ಆತೇನ ನಿನಗ?"

ಹತ್ತಿಮತ್ತೂರಿನಲ್ಲಿ ಬಸ್ಸಿನ ಮೆಟ್ಟಿಲಿಂದ ಬಿದ್ದು ಬಲಭುಜದ ಕೀಲು ತಪ್ಪಿದಂದಿನಿಂದ ಸಿದ್ದವ್ವನಿಗೆ ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಆ ಒಂದು ಆಸೆಗೇ ಅವಳು ಗೋಡೆಯ ಬೆನ್ನು ಬಿದ್ದಿದ್ದಳು. ಸವಣೂರಿನ ದವಾಖಾನೆಯಲ್ಲಿ ಫಿಸಿಯೋಥೆರಪಿಯ ವಿಭಾ ಭುಜಕ್ಕೂ ಪಕ್ಕೆಗೂ ವೈರಿನ ಬಿಲ್ಲೆ ಅಂಟಿಸಿ ಗೋಡೆ ದೂಡಿಸಿದಾಗ, ಸ್ನಾಯುವಿನ ಕಸುವು ತೋರಿಸುವ ಯಂತ್ರದ ಪರದೆಯಲ್ಲಿ ಹಸಿರು ಗೆರೆ ಚೂರು ಮೇಲೆದ್ದಿತ್ತು. "ಮಲಗಿದ್ದ ಸ್ನಾಯು ಎದ್ದದ ನೋಡ್ರಿ" ಎಂದಿದ್ದಳು ವಿಭಾ. ಇಬ್ಬರೂ ನಕ್ಕಿದ್ದರು.

ದೂರು ಗಂಡ ಮಂಜಪ್ಪನಿಗೆ ಹೋಯಿತು. "ಗ್ವಾಡಿ ಕೆಡವಾಕಿಗೆ ಎಂಥಾ ಬ್ಯಾನಿ?" ಎಂದು ಅವನೂ ರಾಗ ಎಳೆದ. ಮರುದಿನ ಬೆಳಿಗ್ಗೆಯೇ ಹಿಟ್ಟಿನ ಬುಟ್ಟಿ ಅವಳ ಮುಂದೆ ಬಂತು. ನಲವತ್ತು ರೊಟ್ಟಿ. ಮೂರೇ ದಿನಕ್ಕೆ ಭುಜ ಬಾತುಕೊಂಡಿತು. ನಾಲ್ಕನೆಯ ದಿನ ಸಿದ್ದವ್ವ ಅಷ್ಟಿಷ್ಟು ಏಳುತ್ತಿದ್ದ ಕೈಯನ್ನೂ ಜೋತು ಬಿಟ್ಟು, "ಏಳವಲ್ದು" ಎಂದು ಕೂತೇಬಿಟ್ಟಳು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ನೆಗೆಣ್ಣಿ ಗೊಣಗುತ್ತ ಒಲೆಯ ಮುಂದೆ ಕೂತಳು. ನಿಜ ಹೇಳಿದಾಗ ಸಿಗದ ಬಿಡುವು ನಾಟಕಕ್ಕೆ ಸಿಕ್ಕಿತ್ತು. ಇಂಥ ಮನೆಗೆ ಏನೆನ್ನಬೇಕೋ! ಸಿದ್ದವ್ವನಿಗೆ ಮಾತ್ರ ವರ್ಷಗಳ ಮೇಲೆ ಬೆಳಗಿನ ಚಹಾ ಬಿಸಿಯಿರುವಾಗಲೇ ಕುಡಿಯಲು ಸಿಕ್ಕಿತು.

ತಿಂಗಳ ಮೇಲೆ ಸವಣೂರಿನಲ್ಲಿ ವಿಭಾ ಮತ್ತೆ ಬಿಲ್ಲೆಗಳನ್ನು ಅಂಟಿಸಿ ದೂಡಿಸಿದಳು. ಗೆರೆ ಮಲಗಿದಲ್ಲಿಂದ ಏಳಲೇ ಇಲ್ಲ. ಮಂಜಪ್ಪ ಚಹಾ ಕುಡಿಯಲು ಹೊರಗೆ ಹೋಗಿದ್ದ.

"ಮನ್ಯಾಗ ನೀವು ಮಾಡೇ ಇಲ್ಲ!" ವಿಭಾಳಿಗೆ ಸಿಟ್ಟು ನೆತ್ತಿಗೇರಿತು. "ಹಿಂಗ ಬಿಟ್ರ ಕೈ ಪೂರಾ ಹೋಗ್ತದ, ಗೊತ್ತದೇನು?"

ಸಿದ್ದವ್ವ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಪೂರಾ ಹೋಗಾಕ ಇನ್ನ ಎಷ್ಟ ದಿನಾ ಬೇಕ್ರಿ, ಅಕ್ಕಾರ?"