ಸೊಸೆಯಂದಿರಿಗೆ ಪ್ರವೇಶವಿಲ್ಲ

"ನಮ್ಮೊಳಗೆ ಯಾರೋ ಸೊಸೆ ನುಗ್ಗಿದ್ದಾಳೆ" ಎಂದು ನರ್ಸಮ್ಮ ಗ್ರೂಪಿನಲ್ಲಿ ಬರೆದರು.

ಫೋನಿನೊಳಗಿನ ಆ ಗ್ರೂಪು ಅತ್ತೆಯರಿಗೆ ಮಾತ್ರ. ಸೇರುವವರು ನಿಯಮಗಳಿಗೆ 'ಒಪ್ಪಿಗೆ' ಒತ್ತಲೇಬೇಕು. ನಿಜವಾದ ಹೆಸರು ಬೇಡ, ಮುಖ ತೋರಿಸುವುದು ಬೇಡ, ಒಳಗಿನ ಮಾತು ಹೊರಗೆ ಬೇಡ, ಸೊಸೆಯಂದಿರಿಗೆ ಪ್ರವೇಶವಿಲ್ಲ. ಓದಿ ಒತ್ತಿದವರು ಯಾರೂ ಇಲ್ಲ ಬಿಡಿ. ನಿಯಮ ಬರೆದ ಅಡ್ಮಿನ್ 'ದೊಡ್ಡತ್ತೆ' ಮಾತ್ರ ಬಲು ಖಡಕ್ಕು. ಸೊಸೆಯ ಹೆಸರು ಬರೆದ ಒಬ್ಬ ಟೀಚರಮ್ಮನನ್ನು ಮುಲಾಜಿಲ್ಲದೆ ಹೊರಗೆ ಹಾಕಿದ್ದರು.

ಗುಮಾನಿ ಹುಟ್ಟಿದ್ದು ಉಪ್ಪಿನಿಂದ. 'ಗುಬ್ಬಿ' ಎಂಬ ಮೆತ್ತನೆಯ ಸದಸ್ಯೆ ಬರೆದಿದ್ದರು: "ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದಾರೆ. ಸೊಸೆಗೆ ಹೇಳೋಕೆ ಬಾಯೇ ಬರಲ್ಲ. ಪಾಪ, ಹೊರಗೆ ದುಡಿದು ಬಂದು ಅಡುಗೆ ಮಾಡ್ತಾಳೆ." ಮರುದಿನವೇ ಉಪ್ಪು ಕಡಿಮೆಯಾಯಿತು. ಗುಬ್ಬಿ ಅದನ್ನೂ ಖುಷಿಯಿಂದ ಬರೆದುಬಿಟ್ಟರು. ನರ್ಸಮ್ಮನ ಕಿವಿ ನೆಟ್ಟಗಾಯಿತು.

"ಹೇಳದೇನೇ ಅವಳಿಗೆ ಹೇಗೆ ಗೊತ್ತಾಯ್ತು? ನನ್ನ ಸೊಸೆ ಬಗ್ಗೆ ನಾನು ಇಲ್ಲಿ ಏನೇನು ಕಾರಿಕೊಂಡಿದೀನಿ! ಅವಳ ಕಿವಿಗೆ ಬಿದ್ರೆ ಮೊಮ್ಮಗಳನ್ನ ನಾನು ಮತ್ತೆ ನೋಡಿದ ಹಾಗೇ. ಎಲ್ಲರೂ ವಿಡಿಯೋ ಕಾಲಿಗೆ ಬಂದು ಮುಖ ತೋರಿಸಿ. ಇಲ್ಲಾಂದ್ರೆ ಗ್ರೂಪು ಮುಚ್ಚಿ."

ಸಾಲುಸಾಲಾಗಿ ಹೆಬ್ಬೆರಳುಗಳು ಎದ್ದವು.

ಔಷಧಿ ಅಂಗಡಿಯ ಕೆಲಸ ಮುಗಿಸಿ, ಅಡುಗೆಯನ್ನೂ ಮುಗಿಸಿ ಮಂಚದ ತುದಿಯಲ್ಲಿ ಕೂತಿದ್ದ ದೊಡ್ಡತ್ತೆ ಅದನ್ನು ಎರಡೆರಡು ಸಲ ಓದಿದರು. ಅವರದು ಅತ್ತೆ ಸೊಸೆ ಎದುರೆದುರು ಕೂತರೆ 'ಹೂಂ', 'ಊಹೂಂ' ಬಿಟ್ಟು ಬೇರೆ ಮಾತೇ ಹೊರಡದ ಮನೆ. ಮನಸ್ಸು ಬಿಚ್ಚುವುದೇನಿದ್ದರೂ ಈ ಗ್ರೂಪಿನಲ್ಲೇ. ಇದು ಮುಚ್ಚಿದರೆ ಮನೆಯ ನೆಮ್ಮದಿಗೂ ಬೀಗ ಬಿದ್ದಂತೆ.

ಬಿಗಿಯಾಗಿಯೇ ಬರೆದರು: "ಮುಖ ತೋರಿಸಬಾರದು ಅನ್ನೋದು ನಿಯಮ. ನೀವೆಲ್ಲ ಒಪ್ಪಿಗೆ ಒತ್ತಿದೀರಿ."

"ಒತ್ತಿದ್ದು ನಿಜ, ಓದಿದ್ದು ಸುಳ್ಳು. ಕನ್ನಡಕ ಸಿಕ್ಕಿರಲಿಲ್ಲ" ಎಂದರು ದರ್ಜಿಯಮ್ಮ.

"ಎಲ್ಲ ಚೆನ್ನಾಗಿರುವಾಗ ನಿಯಮ ಯಾರಿಗೆ ಬೇಕು? ಒಪ್ಪಿಗೆ ಕೇಳೋದೇ ಇಂಥ ದಿನಕ್ಕೆ" ಎಂದರು ದೊಡ್ಡತ್ತೆ.

"ಸೊಸೆಯಂದಿರು ಬರಬಾರದು ಅನ್ನೋದೂ ನಿಯಮ ತಾನೆ?" ನರ್ಸಮ್ಮ ಬಿಡಲಿಲ್ಲ. "ಅದಕ್ಕೇನಂತೀರಿ?"

ದೊಡ್ಡತ್ತೆ ಏನೋ ಬರೆದು ಅಳಿಸಿದರು. ಮತ್ತೆ ಬರೆದು ಅಳಿಸಿದರು. ಅಷ್ಟರಲ್ಲಿ ಗುಬ್ಬಿ ಬಾಯಿ ಬಿಟ್ಟರು.

"ನರ್ಸಮ್ಮಾ, ತಪ್ಪು ತಿಳೀಬೇಡಿ. ಅವತ್ತೇ ಧೈರ್ಯ ಮಾಡಿ ಸೊಸೆಗೆ ನಾನೇ ಹೇಳಿಬಿಟ್ಟಿದ್ದೆ. ಇಲ್ಲಿ ಬರೆಯೋಕೆ ಮರೆತೆ. ಸುಮ್ಮನೆ ಯಾರ ಮೇಲೂ ಗೂಬೆ ಕೂರಿಸಬೇಡಿ."

"ಅಯ್ಯೋ, ಮೊದಲೇ ಹೇಳಬಾರದಿತ್ತಾ! ನನ್ನ ಬಿಪಿ ಏರಿಸಿಬಿಟ್ರಲ್ಲ" ಎಂದು ನರ್ಸಮ್ಮ ತಣ್ಣಗಾದರು. ಗ್ರೂಪು ಉಳಿಯಿತು.

ದೊಡ್ಡತ್ತೆ ಮಾತ್ರ ಫೋನು ಹಿಡಿದು ಕಣ್ಣು ಪಿಳಿಪಿಳಿ ಬಿಡುತ್ತಾ ಕೂತರು. ಗುಬ್ಬಿ ಹೇಳಿದ್ದು ಅಪ್ಪಟ ಸುಳ್ಳು.

ಪಕ್ಕದ ಕೋಣೆಯಿಂದ ಅವರ ಅತ್ತೆಯ ದನಿ ಬಂತು: "ದೊಡ್ಡತ್ತೇ, ಫೋನು ಇಟ್ಟು ಊಟಕ್ಕೆ ಬಾರಮ್ಮ."